ಓರೆ ಗೆರೆಯ ನಡು

ಆರು ದಿನದ ಕೂಲಿ ಇವತ್ತಿಗೂ ಬಾಕಿ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ತಪ್ಪು ಜಾಗ ಕೊರೆಸಿದವರು ಇಂಜಿನಿಯರ್ ಸಾಹೇಬರು; ಕೋಣೆಗೆ ಬೀಗ ಬಿದ್ದು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡವರು ಒಂಬತ್ತು ಹೆಂಗಸರು.

ಅವರಲ್ಲಿ ಹಿರಿಯಳು ಸೋಪಕ್ಕ. ಇಪ್ಪತ್ತಾರು ವರ್ಷ ಅಲ್ಲೇ ದುಡಿದು, ಕೊಳೆನೀರಲ್ಲಿ ನಿಂತು ನಿಂತು ಕಾಲ್ಬೆರಳ ಸಂದೆಲ್ಲ ಹುಣ್ಣಾಗಿತ್ತು. ಹಬೆ ಎದ್ದರೆ ಅಲ್ಲಿ ಪಕ್ಕದವಳ ಮುಖವೂ ಕಾಣದು. ಅದಕ್ಕೇ ಹೆಂಗಸರು ಬಾಗಿಲ ಮೂಲೆಯಿಂದ ನೆಲದ ಕಲ್ಲು ಎಣಿಸಿ ಜಾಗ ಹೇಳುತ್ತಿದ್ದರು, ಮೊದಲು ಅಡ್ಡ, ಆಮೇಲೆ ಉದ್ದ. "ಮೂರು-ಐದರಲ್ಲಿ ಬಕೆಟ್ ಇದೆ, ಎಡವೀಯೇ!"

ಎರಡು ದೊಡ್ಡ ಯಂತ್ರಗಳು ಓರೆಯಾಗಿ ಕೂತಿದ್ದವು: ಆರು-ಹತ್ತರಲ್ಲೊಂದು, ಹದಿನಾಲ್ಕು-ನಾಲ್ಕರಲ್ಲೊಂದು. ಚರಂಡಿಯ ತೂತು ಅವೆರಡರ ನಟ್ಟನಡುವೆ ಬೀಳಬೇಕು. ತಪ್ಪಿದರೆ ಹೊಲಸೆಲ್ಲ ಹೆಂಗಸರ ಕಾಲಿಗೆ. ಸಾಹೇಬರು ಆಫೀಸಿನಲ್ಲೇ ಕೂತು ಲೆಕ್ಕದ ಚೀಟಿ ಕಳಿಸಿದ್ದರು. ಕೊರೆಯುವವರು ಚೀಟಿಯಲ್ಲಿದ್ದಲ್ಲೇ ಕೊರೆದರು. ತೂತು ಬಿದ್ದದ್ದು ನಾಲ್ಕು-ಮೂರರಲ್ಲಿ, ಬಾಗಿಲ ಬುಡದಲ್ಲಿ.

ಬೀಗ ಬಿದ್ದ ಏಳನೆಯ ದಿನ ಸಾಹೇಬರು ಖುದ್ದಾಗಿ ಬಂದರು. "ಹದಿನಾಲ್ಕರಲ್ಲಿ ಆರು ಹೋದ್ರೆ ಎಂಟು, ಅರ್ಧ ನಾಲ್ಕು. ಹತ್ತರಲ್ಲಿ ನಾಲ್ಕು ಹೋದ್ರೆ ಆರು, ಅರ್ಧ ಮೂರು. ಲೆಕ್ಕ ಸರಿ ಇದೆಯಲ್ಲ!"

"ಹಾಗಾದ್ರೆ ನೆಲಾನೇ ತಪ್ಪು ಬಿಡಿ ಸ್ವಾಮಿ," ಎಂದಳು ಸೋಪಕ್ಕನ ನಾದಿನಿ.

"ಬಾಯ್ಮುಚ್ಚೇ," ಸೋಪಕ್ಕ ಗದರಿದಳು. "ಸಾಹೇಬ್ರೇ, ಮಷೀನಿಂದ ಮಷೀನಿಗಿರೋ ದೂರಾನ ಅರ್ಧ ಮಾಡಿದ್ರಿ, ಆ ಅರ್ಧಾನ ಬಾಗಿಲಿಂದ ಎಣಿಸಿದ್ರಿ. ಎರಡು ಎಣಿಕೇನೂ ಕೂಡಿ ಅರ್ಧ ಮಾಡಿ. ಆರು, ಹದಿನಾಲ್ಕು, ಇಪ್ಪತ್ತಾಯ್ತು, ಅರ್ಧ ಹತ್ತು. ಹತ್ತು, ನಾಲ್ಕು, ಹದಿನಾಲ್ಕು, ಅರ್ಧ ಏಳು. ಹತ್ತು-ಏಳರಲ್ಲಿ ಕೊರೀರಿ."

"ತಪ್ಪಿದ್ರೆ ಯಾರಮ್ಮ ಹೊಣೆ?"

ಸೋಪಕ್ಕ ಹೇಳುವುದೇನೋ ಹೇಳಿದ್ದಳು. ಒಂದೇ ಸಾಲಿನಲ್ಲಿ ಹೀಗೆ ನಡು ಹಿಡಿದು ಗೊತ್ತಿತ್ತು, ಓರೆಗೆ ಹಿಡಿದವಳಲ್ಲ. ತಪ್ಪಿದರೆ ಇನ್ನೊಂದು ವಾರ ಬೀಗ. "ಹಗ್ಗ ತಾರೇ," ಎಂದಳು.

ನಾದಿನಿ ಬಟ್ಟೆ ಹಾಕುವ ಹಗ್ಗವನ್ನು ಯಂತ್ರದಿಂದ ಯಂತ್ರಕ್ಕೆ ಬಿಗಿದು, ಅಳತೆಗೆ ಕತ್ತರಿಸಿ, ಎರಡಾಗಿ ಮಡಿಸಿ, ಒಂದು ಯಂತ್ರದಿಂದ ಇನ್ನೊಂದರ ಕಡೆಗೆ ನೇರವಾಗಿ ಹಿಡಿದಳು. ಮಡಿಕೆ ಹತ್ತು-ಏಳರ ಮೇಲೇ ಬಂದು ನಿಂತಿತು, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಇನ್ನೊಂದು ಯಂತ್ರದ ಕಡೆಯಿಂದ ಹಿಡಿದರೂ ಅಲ್ಲೇ.

ಸೋಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅಡ್ಡವನ್ನು ಬೇರೆ, ಉದ್ದವನ್ನು ಬೇರೆ ಅರ್ಧ ಮಾಡಿದ್ದಳು. ಅವಳು ಮುಟ್ಟದ ಓರೆ ಗೆರೆ ತಾನಾಗಿಯೇ ಸಮಪಾಲಾಗಿತ್ತು. ಆ ಕಲ್ಲನ್ನು ಅಂಗೈಯಲ್ಲಿ ಸವರಿದಳು. "ನಾನು ಬಾಯಲ್ಲಿ ಅಂದದ್ದು ನೆಲಕ್ಕೆ ಹೆಂಗೆ ಗೊತ್ತಾಯ್ತೇ?"

ನಾದಿನಿ ಬಗ್ಗಿ ಆ ಕಲ್ಲಿಗೆ ಸೋಪಿನ ಚೂರಿನಿಂದ ಗುರುತು ಹಾಕಿದಳು.

ಅಲ್ಲೇ ಕೊರೆದರು. ನೀರು ಗಟಗಟನೆ ಇಳಿಯಿತು. ನಕ್ಷೆಯಲ್ಲಿ ಮಾತ್ರ ಸಾಹೇಬರ ರುಜು.

ನೀವೂ ಒಂದಲ್ಲ ಒಂದು ನೆಲ ಕೊರೆಸುವವರೇ. ಚೀಟಿ ಬರೆಯುವ ಮೊದಲು ಚಪ್ಪಲಿ ಬಿಟ್ಟು ಅಲ್ಲಿಗಿಳಿಯಿರಿ, ಅಲ್ಲಿ ನಿಂತು ದುಡಿಯುವವಳನ್ನು ಕೇಳಿ. ನಕ್ಷೆಗೆ ಅವಳ ರುಜುವನ್ನೂ ಹಾಕಿಸಿ.