ಭೂಕಂಪವಾಗದ ಊರು

ಕೆಳಮನೆಯ ಅಜ್ಜನ ಬಲ ಅಂಗೈಯಲ್ಲಿ ಅಡ್ಡಕ್ಕೆ ಒಂದು ಗಾಯದ ಗೀರಿತ್ತು. ಗೀರೆಂದರೆ ಕಡಿಮೆಯಾಯಿತು, ಅದೊಂದು ಕಾಲುವೆ. ದೆಹಲಿಯ ಜನಕಪುರಿಯಲ್ಲಿ ನಮ್ಮ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುವಾಗ ಸಿಪ್ಪೆಯ ಪುಡಿ ಅದರೊಳಗೆ ಸೇರಿಕೊಳ್ಳುತ್ತಿತ್ತು, ಅವರು ಉಫ್ ಎಂದು ಊದುತ್ತಿದ್ದರು. ಬೆಳಗಾವಿ ಕಡೆಯವರು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಗುಡ್ಡಗಳಿಗೆ ಹೇಸರಗತ್ತೆಗಳ ಮೇಲೆ ಸರಕು ಸಾಗಿಸಿದ ಸಿಪಾಯಿ. ಎಂಬತ್ತು ದಾಟಿದ ಮೇಲೆ ಮಗಳ ಮನೆಯಲ್ಲಿದ್ದರು. ಮೇಲ್ಮನೆಯಲ್ಲಿ ನಾನು, ಕರೋಲ್ ಬಾಗ್‌ನ ಒಂದು ಟ್ರಾವೆಲ್ ಏಜೆನ್ಸಿಗೆ ಬ್ರೋಷರ್ ಬರೆಯುವವನು. ‘ಒಂಬತ್ತು ದಿನದಲ್ಲಿ ಯುರೋಪ್, ಶುದ್ಧ ಸಸ್ಯಾಹಾರದೊಂದಿಗೆ’, ಅಂಥವು. ನಾನು ಸ್ವತಃ ಕಂಡ ವಿದೇಶವೆಂದರೆ ನೋಯ್ಡಾ.

ಯಾವ ಊರಿನ ಹೆಸರು ಹೇಳಿದರೂ ಅಜ್ಜನದು ಒಂದೇ ಪ್ರಶ್ನೆ. “ಮೊದಲ ಬಾವಿ ಎಲ್ಲೈತಿ ಹೇಳು ತಮ್ಮಾ. ರಾಜಾ ಯಾರಂತ ಆಮ್ಯಾಲ ಹೇಳೀಯಂತ.” ಒಂದು ಸಂಜೆ ಶಹಬ್ಬಾಸ್ ಸಿಗುವ ಆಸೆಯಿಂದ ನನ್ನ ಹೊಸ ಬ್ರೋಷರ್ ತೋರಿಸಿದೆ. ಅದರಲ್ಲಿ ಇಟಲಿಯ ಗುಡ್ಡದ ತುದಿಯ ಒಂದು ಹಳ್ಳಿ, ಅದರ ನೆತ್ತಿಯ ಮೇಲೊಂದು ಕೋಟೆ. ಅಜ್ಜ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು.

“ಈ ಅಗಸಿ ಬಾಗಿಲಾ ನಂಗ ಗೊತ್ತೈತಿ. ಹೇರಿದ ಹೇಸರಗತ್ತಿ ಇದರಾಗ ಹಿಡಿಯೂದಿಲ್ಲ. ಹೇರು ಇಳಿಸಿ ನಾವ ಹೊತ್ತೇವಿ.”

ಕೋಟೆಯ ಅಂಗಳದ ಬಾವಿ, ಪಕ್ಕದ ಚರ್ಚು, ಅದರ ಬಿರುಕುಬಿಟ್ಟ ಗಂಟೆ, ಒಂದೊಂದಕ್ಕೂ ಬೆರಳಿಟ್ಟರು. ಯುದ್ಧದ ಒಂದು ಚಳಿಗಾಲವೆಲ್ಲ ಅಲ್ಲೇ ತಂಗಿದ್ದಾಗ ಊರಿನ ಪಾದ್ರಿ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಕಥೆ ಹೇಳಿದ್ದರಂತೆ: ಯಾವನೋ ದೊರೆ ಮುತ್ತಿಗೆಗೆ ಹೆದರಿ ಗೋಪುರ ಎಬ್ಬಿಸಿದ, ಎಂಟುನೂರು ವರ್ಷ ಅದು ಯಾರಿಗೂ ಬಗ್ಗಲಿಲ್ಲ.

“ನೀ ಏನ ಬರದಿ, ಓದು.”

ಕನ್ನಡ ಮಾಡಿ ಓದಿದೆ. ಕೋಟೆಯ ಗೋಪುರ ಕಳೆದ ಶತಮಾನದ ಭೂಕಂಪದಲ್ಲಿ ಕುಸಿಯಿತು.

“ಭೂಕಂಪಾ? ಎಲ್ಲಿಂದ ತಂದಿ ಇದನ್ನ?”

ಎಲ್ಲಿಂದಲೂ ತಂದಿರಲಿಲ್ಲ. ನೆಟ್‌ನಲ್ಲಿ ಗೋಪುರ ಈಗಿಲ್ಲ ಎಂದಷ್ಟೇ ಇತ್ತು. ಯಾಕಿಲ್ಲ ಎಂದು ಗಿರಾಕಿ ಕೇಳಿದರೆ? ನಾನು ತಬ್ಬಿಬ್ಬಾದರೆ? ಭೂಕಂಪವೆಂದರೆ ಯಾರಿಗೂ ಬೇಜಾರಿಲ್ಲ ಎಂದು ನಾನೇ ಒಂದನ್ನು ಆಗಿಸಿಬಿಟ್ಟಿದ್ದೆ.

“ನಮ್ಮ ತೋಪು ಕೆಡವಿದ್ದು. ಅದರ ಗುಂಡು ಸಾಗಿಸಿದಾಂವ ನಾ. ಮ್ಯಾಲ ಜರ್ಮನರು ಅದಾರಂತ ಹೊಡದ್ರು, ಕೆಳಗ ನೆಲಮಾಳಿಗ್ಯಾಗ ಊರ ಮಂದಿ ಕುಂತಿದ್ರು. ಮರುದಿನ ಹಗ್ಗಾ ಕಟ್ಟಿ ಕಲ್ಲ ಜಗ್ಗಿದಿವಿ. ಇಬ್ಬರಷ್ಟ ಜೀವಂತ ಸಿಕ್ರು.” ಹಗ್ಗ ಕೊಯ್ದ ಆ ಅಂಗೈ ನನ್ನ ಮುಖದ ಮುಂದೆ ಬಂತು. “ತಿದ್ದು ಇದನ್ನ.”

“ಮುಂದಿನ ಸಲ ಪ್ರಿಂಟ್ ಮಾಡುವಾಗ ಖಂಡಿತ ತಿದ್ದಿಸ್ತೀನಿ ಅಜ್ಜಾ.”

ತಿದ್ದಿಸಲಿಲ್ಲ. ಮಾಲೀಕರನ್ನು ಕೇಳಿದ್ದೇನೋ ನಿಜ, ಆದರೆ ಬೇಡ ಎನ್ನಲಿ ಎಂಬಂತೆ ಕೇಳಿದೆ. ಹನಿಮೂನಿಗೆ ಹೋಗುವವರಿಗೆ ಹೆಣ ತೋರಿಸುತ್ತೀರಾ ಎಂದು ಅವರು ಹಿಂದಿಯಲ್ಲಿ ಗದರಿದರು. ಭೂಕಂಪ ಎರಡನೆಯ ಸಲವೂ ಅಚ್ಚಾಯಿತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ, ಮಾಲೀಕರ ಮೇಲಲ್ಲ.

ಒಂದು ಮಧ್ಯಾಹ್ನ ಅಜ್ಜ ಹೊಸ ಮೆಟ್ರೋ ಹತ್ತಿ ಒಬ್ಬರೇ ಆಫೀಸಿಗೆ ಬಂದುಬಿಟ್ಟರು. ಕೌಂಟರಿನ ಬ್ರೋಷರ್ ಕಟ್ಟನ್ನು ಎಳೆದುಕೊಂಡು, ಒಂದೊಂದರಲ್ಲೂ ಆ ಸಾಲು ಹೊಡೆದು, ಪಕ್ಕದಲ್ಲಿ ನಡುಗುವ ಹಿಂದಿ ಅಕ್ಷರದಲ್ಲಿ ಬರೆಯತೊಡಗಿದರು: ಇದನ್ನು ಕೆಡವಿದವರು ನಾವು.

ಮಾಲೀಕರು ಕಟ್ಟು ಕಿತ್ತುಕೊಂಡು ನನ್ನತ್ತ ತಿರುಗಿದರು. “ಯೇ ಬುಡ್ಢಾ ಕೌನ್ ಹೈ? ಆಪ್ ಜಾನ್ತೇ ಹೋ?”

ಕೆಲಸ, ಬಾಡಿಗೆ, ಮಗಳ ಸ್ಕೂಲು, ಎಲ್ಲ ಒಟ್ಟಿಗೆ ತಲೆಯಲ್ಲಿ ಓಡಿದವು. “ನಹೀಂ ಸರ್” ಎಂದೆ, ಈ ಮುದುಕ ಯಾರೋ ಗೊತ್ತೇ ಇಲ್ಲ ಎನ್ನುವಂತೆ.

ಅಜ್ಜ ತಲೆಯೆತ್ತಿದರು. ತಮ್ಮಾ ಎಂದು ಒಮ್ಮೆ ಕರೆದಿದ್ದರೆ ಸಾಕಿತ್ತು, ನಾನು ಸಿಕ್ಕಿಬೀಳುತ್ತಿದ್ದೆ. ಕರೆಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ನನ್ನ ಸುಳ್ಳನ್ನು ಉಳಿಸಿಕೊಟ್ಟು, ಬಿಸಿಲಿಗೆ ಇಳಿದರು. ಗಾಜಿನ ಬಾಗಿಲೊಳಗೆ ನಾನು ಎ.ಸಿ. ಗಾಳಿಯಲ್ಲಿ ನಿಂತಿದ್ದೆ.

ಮರುದಿನ ಮೆಟ್ಟಿಲ ಮೇಲೆ ಅವರೇ ಮಾತಾಡಿಸಿದರು. “ತೋಪಿನ ಸದ್ದಿಗೆ ಹೇಸರಗತ್ತಿನೂ ಹಿಂದ ಸರೀತಿದ್ವು. ನಾ ಬೈತಿದ್ದಿಲ್ಲ. ನೀ ಹೇರು ಒಗದು ಓಡಿದಿ.” ಅಲ್ಲಿಂದ ಮುಂದೆ ನಾನು ಬಂದಾಗ ಸರಿದು ದಾರಿ ಬಿಡುತ್ತಿದ್ದರು. ಕಡಲೆಕಾಯಿ ಕೊಡುತ್ತಿರಲಿಲ್ಲ. ಆ ಚಳಿಗಾಲದಲ್ಲೇ ತೀರಿಕೊಂಡರು. ನಾನೂ ಹೆಗಲು ಕೊಟ್ಟೆ, ಏನೋ ದೊಡ್ಡ ಆಪ್ತನ ಹಾಗೆ.

ಎರಡು ವರ್ಷದ ಮೇಲೆ ನನ್ನ ಮಗಳಿಗೆ ಕೋಟೆಗಳ ಬಗ್ಗೆ ಸ್ಕೂಲ್ ಪ್ರಾಜೆಕ್ಟ್ ಬಂತು. ನಾನೇ ಆ ಊರನ್ನು ಸೂಚಿಸಿ, ತೋಪಿನ ಸಂಗತಿಯನ್ನೂ ಹೇಳಿದೆ. ಅವಳು ಕಂಪ್ಯೂಟರ್ ನೋಡಿ ಬಂದಳು. “ಪಪ್ಪಾ, ನೀವು ಹೇಳಿದ್ದು ಗಲತ್ ಹೈ. ಐದು ಸೈಟ್ ನೋಡ್ದೆ, ಸಬ್ ಮೇ ಭೂಕಂಪ ಅಂತಾನೇ ಇದೆ.”

ಐದರಲ್ಲೂ ಇದ್ದದ್ದು ನನ್ನ ಸಾಲು, ಒಂದಕ್ಷರ ಬದಲಾಗದೆ. ಬೇರೆ ಏಜೆನ್ಸಿಗಳು ಕದ್ದಿದ್ದವು. ಅಜ್ಜ ಕೈ ಕೊಯ್ದುಕೊಂಡು ಸರಿಸಿದ ಕಲ್ಲುಗಳನ್ನು ನಾನು ಮತ್ತೆ ಆ ಜನರ ಮೇಲೆ ಹೇರಿದ್ದೆ. ಮಗಳ ಹಾಳೆಯಲ್ಲಿ ಆ ಸಾಲು ಆಗಲೇ ಇಳಿದಿತ್ತು. ಪೆನ್ನು ಕಸಿದು ಹೊಡೆದುಹಾಕಿದೆ.

“ಕಿಸ್‌ನೇ ಬತಾಯಾ, ಯಾರು ಹೇಳಿದ್ದು ಅಂತ ಮ್ಯಾಮ್ ಕೇಳಿದ್ರೆ?”

“ಕೆಳಮನೆ ಅಜ್ಜ ಅಂತ ಹೇಳು. ನಮ್ಮ ಪಪ್ಪಂಗೆ ಅವರು ಗೊತ್ತಿದ್ರು ಅಂತ ಹೇಳು.”