ಬಲಗಾಲಿಗೆ ಮೂರು ಪದರ ಹೆಚ್ಚು

ಹೋದ ವಾರ ಅಟ್ಟದ ಮೇಲಿನ ಟ್ರಂಕು ತೆಗೆದೆ. ಔಡಲೆಣ್ಣೆ ಕುಡಿದ ಹಳೆಯ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಒಂದು ಜೋಡು ಕೊಲ್ಹಾಪುರಿ ಚಪ್ಪಲಿ. ನೆಲಕ್ಕಿಟ್ಟರೆ ಬಲಗಾಲಿನದು ಎಡಗಾಲಿನದಕ್ಕಿಂತ ಒಂದೂವರೆ ಬೆರಳು ಎತ್ತರ. ಕಾಕಾ ನೆನಪಾದರು... ಮರೆತಿದ್ದೆ ಅಂತಲ್ಲ, ಇಷ್ಟು ವರ್ಷ ಮರೆತಂತೆ ನಟಿಸಿದ್ದೆ ಅಷ್ಟೆ.

ಅರವತ್ತರ ದಶಕದ ಮೊದಲ ವರ್ಷಗಳು. ಇಚಲಕರಂಜಿಯಲ್ಲಿ ಮಗ್ಗದವರಿಗೆ ನೂಲು ಮಾರುತ್ತಿದ್ದೆ. ಗಡಹಿಂಗ್ಲಜದ ಮಾವ ಮದುವೆಯಲ್ಲಿ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಕೊಟ್ಟಿದ್ದರು. ಅದರ ಸೀಟು ನನ್ನ ಸೊಂಟಕ್ಕೆ ಬರುತ್ತಿತ್ತು. ನನ್ನ ಎತ್ತರ ಐದಡಿ ಒಂದಿಂಚು, ಅದೂ ಟೊಪ್ಪಿಗೆ ಸೇರಿಸಿ! ಓಡಿಸುವಾಗ ನಾನು ರಾಜ; ನಿಲ್ಲಿಸುವಾಗಲೇ ಫಜೀತಿ. ಆ ಗಾಡಿಯಲ್ಲಿ ಎಡಗಾಲು ಬ್ರೇಕಿನ ಮೇಲೆ, ನೆಲ ಮುಟ್ಟಬೇಕಾದದ್ದು ಬಲಗಾಲು. ಅದೋ ಗಾಳಿಯಲ್ಲಿ ಜೋತಾಡುತ್ತಿತ್ತು. ಬಲಗಡೆ ಕಟ್ಟೆಯೋ ಕಲ್ಲೋ ಕಂಡಲ್ಲಿ ಮಾತ್ರ ನಿಲ್ಲುತ್ತಿದ್ದೆ. ಕಬನೂರಿನಲ್ಲಿ ಒಮ್ಮೆ ಎಮ್ಮೆ ಅಡ್ಡ ಬಂದು, ಕಟ್ಟೆ ಸಿಗದೆ, ಗಾಡಿ ಸಮೇತ ಉರುಳಿದೆ. ಎಮ್ಮೆ ನಿಂತು ನೋಡಿತು.

ಕೊಲ್ಹಾಪುರಕ್ಕೆ ಹೋದಾಗ ನಾನು ಹಿಡಿಯುತ್ತಿದ್ದದ್ದು ಒಂದು ಚಪ್ಪಲಿ ಅಂಗಡಿಯ ಕಟ್ಟೆ. ಅಲ್ಲಿ ಹೊಲಿಯುತ್ತ ಕೂತಿರುತ್ತಿದ್ದ ಅಥಣಿ ಕಡೆಯ ಮುದುಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ನನ್ನ ಪಾಡು ನೋಡಿ ನೋಡಿ ಒಂದು ದಿನ ಅವರೇ ಎದ್ದು ಬಂದರು.

“ಸಾವಕಾರ್ರ, ಕಟ್ಟಿ ಬಿಟ್ಟು ಜರಾ ಮುಂದ ಬರ್ರಿ. ಇಳೀಬ್ಯಾಡ್ರಿ, ಎಡಗೈಲೆ ಕಂಬ ಹಿಡಕೋರಿ. ಕೂತಲ್ಲೇ ಅಳತಿ ಕೊಡ್ರಿ.”

ರಸ್ತೆಯ ಧೂಳಿನಲ್ಲಿ ಕೂತು, ನನ್ನ ಬಲಗಾಲಿನ ಕೆಳಗೆ ತೊಗಲಿನ ತುಂಡುಗಳನ್ನು ಒಂದರ ಮೇಲೊಂದು ತುರುಕುತ್ತ ಹೋದರು. ಮೂರನೆಯದಕ್ಕೆ ಪಾದ ಊರಿತು.

“ಈಗ ಭೂಮಿ ಸಿಕ್ತೇನ್ರಿ?”

“ಸಿಕ್ತು ಕಾಕಾ!”

ವಾರದಲ್ಲೇ ಬಲಗಾಲಿಗೆ ಮೂರು ಪದರ ಹೆಚ್ಚು ಹಾಕಿದ ಜೋಡು ಹೊಲಿದು ಕೈಗಿಟ್ಟರು.

“ಇವು ನಡಿಯಾಕ ಅಲ್ರಿ, ಗಾಡಿಗಷ್ಟ. ಗುಟ್ಟ ನನ್ನ ಹಂತ್ಯಾಕ ಇರ್ತೈತಿ.”

ಆ ಹುರುಪಿನಲ್ಲಿ ನಾನೇ ಮಾವನವರಿಗೆ ಹೇಳಿ, ಮೈದುನನ ಮದುವೆಗೆ ಮನೆಯ ಗಂಡಸರಿಗೆಲ್ಲ ಬೇಕಾಗಿದ್ದ ಇಪ್ಪತ್ತು ಜೋಡಿನ ಕೆಲಸವನ್ನು ಕಾಕಾರಿಗೆ ಕೊಡಿಸಿದೆ. ಇಷ್ಟು ದೊಡ್ಡ ಕೆಲಸ ಸಿಕ್ಕು ವರ್ಷಗಳೇ ಆದವೆಂದು ಅವರು ಹಿಗ್ಗಿದ್ದರು.

ಮದುವೆಗೆ ಹದಿನೈದು ದಿನ ಮೊದಲು ಗಡಹಿಂಗ್ಲಜಕ್ಕೆ ಹೋದೆ. ಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿಯನ್ನು ಮೈದುನ ಎತ್ತಿಕೊಂಡು ಬಂದು, ಪಡಸಾಲೆಯಲ್ಲಿ ಎಲ್ಲರೆದುರು ಜೋಡಿಸಿಟ್ಟ.

“ದಾಜಿ, ಯಾವ ಕುರುಡ ಹೊಲದಾನ್ರಿ ಇವನ್ನ?” ಎಂದು ಭಾವನಾದ ನನ್ನನ್ನು ಕೇಳಿದ.

ಪಡಸಾಲೆಯೆಲ್ಲ ಬಿದ್ದು ಬಿದ್ದು ನಕ್ಕಿತು. ‘ನಾನು ಗಿಡ್ಡ, ಅದಕ್ಕೆ’ ಎಂದಿದ್ದರೆ ನಗು ಇನ್ನೊಂದು ಗಳಿಗೆ ನಡೆದು ಮುಗಿಯುತ್ತಿತ್ತು. ಆದರೆ ನಾಲಿಗೆಗೆ ಎಲುಬಿಲ್ಲ ನೋಡಿ.

“ಆ ಮುದುಕಗ ಈಗ ಕಣ್ಣ ಬರೋಬರ್ ಕಾಣಂಗಿಲ್ಲ,” ಎಂದುಬಿಟ್ಟೆ.

ಮರುದಿನವೇ ಮಾವ ಕೊಲ್ಹಾಪುರಕ್ಕೆ ಆಳು ಕಳಿಸಿ ಕಣ್ಣು ಕಾಣದವನ ಚಪ್ಪಲಿ ಬೇಡವೆಂದು ಹೇಳಿಸಿದರು. ನಾನು ಅಲ್ಲೇ ಕೂತು ಚಹಾ ಕುಡಿದೆ. ಥೂ ನನ್ನ ಜನ್ಮಕ್ಕೆ!

ತಿಂಗಳ ಮೇಲೆ ಧೈರ್ಯ ಮಾಡಿ ಹೋದೆ. ಹೊಲಿದು ಮುಗಿಸಿದ ಜೋಡುಗಳು ಅಂಗಡಿಯ ತುಂಬ ನೇತಾಡುತ್ತಿದ್ದವು. ಕಾಕಾ ಬೈಯಲಿಲ್ಲ.

“ನನಗ ಮೊದಲ ಒಂದ ಮಾತ ಹೇಳಬೇಕಿತ್ರಿ, ಸಾವಕಾರ್ರ. ಹೇಳಿದ್ರ, ಕಣ್ಣ ಹೋಗ್ಯಾವಂತ ನಾನೂ ಹೇಳ್ತಿದ್ದೆ. ನಿಮ್ಮ ಗುಟ್ಟ ಮಾತ್ರ ಯಾರಿಗೂ ಹೇಳಿಲ್ರಿ.”

ತಪ್ಪಾಯಿತು ಎನ್ನದೆ ಕಿಕ್ ಹೊಡೆದು ಓಡಿಬಂದೆ. ಬಹಳ ದಿನ ಬಿಟ್ಟು ಮತ್ತೆ ಹೋದಾಗ ಆ ಕಟ್ಟೆಯ ಮೇಲೆ ಬೆಲ್ಲದ ವ್ಯಾಪಾರಿ ಕೂತಿದ್ದ. “ಕಾಕಾ? ಗೆಲೇ ಗಾವಾಲಾ,” ಎಂದ. ಊರಿಗೆ ಹೋದರಂತೆ. ಅಥಣಿ ಏನು ದೂರವೇ? ನಾನು ಹೋಗಲಿಲ್ಲ...

ಹೋದ ವಾರ ಆ ಚಪ್ಪಲಿ ಮೆಟ್ಟಿ ನಿಂತೆ. ಮೈ ಎಡಕ್ಕೆ ವಾಲಿತು.

“ಏನ್ರೀ ಇದು, ಈ ವಯಸ್ಸಿನಾಗ?” ಎಂದಳು ಹೆಂಡತಿ.

ಮೊದಲ ಸಲ ಅವಳಿಗೆ ಎಲ್ಲ ಹೇಳಿದೆ. ನಾನು ಗಿಡ್ಡನೆಂದು ಕಾಕಾ ಬೇಕೆಂದೇ ಹಾಗೆ ಹೊಲಿದಿದ್ದರು, ಅವರ ಕಣ್ಣು ಚೆನ್ನಾಗಿಯೇ ಇದ್ದವು ಎಂದೆ. ಅವಳು ಬಗ್ಗಿ ಬಲಗಾಲಿನ ಪದರಗಳನ್ನು ಬೆರಳಿನಿಂದ ಎಣಿಸಿದಳು.

“ನೀವು ಗಿಡ್ಡ ಇದ್ದದ್ದು ಇಡೀ ಗಡಹಿಂಗ್ಲಜಕ್ಕ ಗೊತ್ತಿತ್ತಲ್ರೀ...”

ಚಪ್ಪಲಿ ಕಳಚಿ ತಿರುಗಿಸಿ ನೋಡಿದೆ. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.