ಗೊಬ್ಬರದ ರಾಶಿಯ ಮೇಲೆ ಸತ್ತ ಕೋಳಿಗಳು

ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಈಗಲೂ ಟೀಸಿ ಎಂದೇ ಕರೆಯುತ್ತಾರೆ. ಯಾರ ಮಾತನ್ನೂ ಸುಲಭಕ್ಕೆ ನಂಬುವ ಜಾಯಮಾನ ಅವರದಲ್ಲ. ಚಿಲಕ ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ಎದ್ದು ಹೋಗಿ ಎಳೆದು ನೋಡುವವರು.

ಹಿತ್ತಲಲ್ಲಿ ಅವರು ಆರು ಕೋಳಿ ಸಾಕಿದ್ದರು. ಕಾಂಪೌಂಡ್ ಗೋಡೆಗೆ ಒತ್ತಿ ಒಣಗಿದೆಲೆ, ತರಕಾರಿ ಸಿಪ್ಪೆ, ಗೂಡು ಗುಡಿಸಿದ ಕಸವನ್ನೆಲ್ಲ ಗೊಬ್ಬರಕ್ಕೆಂದು ರಾಶಿ ಹಾಕಿದ್ದರು. ಹುಳ ಹುಡುಕುತ್ತ ಕೋಳಿಗಳೇ ದಿನವಿಡೀ ಕೆದಕಿ ಅದನ್ನು ತಿರುವಿಹಾಕುತ್ತಿದ್ದವು. ಸಂಜೆ ಚೆದುರಿದ್ದನ್ನು ಸಲಿಕೆಯಿಂದ ಒಟ್ಟುಮಾಡಿ ನೀರು ಚಿಮುಕಿಸಿದರೆ ಇವರ ಕೆಲಸ ಮುಗಿಯಿತು.

ಪಕ್ಕದ ಮನೆಯ ಟೈಲರಮ್ಮನಿಗೆ ಮಾತ್ರ ಅದರ ವಾಸನೆ ಆಗಿಬರಲಿಲ್ಲ. "ಅಣ್ಣಾ, ಮೂಗು ಹಿಡ್ಕೊಂಡು ಹೊಲಿಯೋ ಹಾಗಾಗಿದೆ. ಆ ರಾಶೀನ ಸ್ವಲ್ಪ ಆಚೆಗೆ ಹಾಕಿ," ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ, "ನಾನೇ ಏನಾದ್ರೂ ಮಾಡ್ತೀನಿ ಬಿಡಿ," ಎಂದಳು.

ಆ ವಾರವೇ ಒಂದು ಕೋಳಿ ಕತ್ತು ಜೋಲಿಸಿ ರಾಶಿಯ ಮೇಲೆ ಸತ್ತಿತು. ಮರುದಿನ ಇನ್ನೊಂದು.

"ಅವಳದೇ ಕೈವಾಡ," ಎಂದರು ಟೀಸಿ.

"ಸುಮ್ನಿರಿ. ಪಾಪ, ಆಯಮ್ಮ ಇರುವೆ ಕಂಡ್ರೂ ಪಕ್ಕಕ್ಕೆ ಸರೀತಾಳೆ," ಎಂದರು ಹೆಂಡತಿ.

"ಟಿಕೆಟ್ ಇಲ್ದೋರ ಮುಖಾನೂ ಪಾಪ ಅನ್ನೋ ಹಾಗೇ ಇರುತ್ತೆ."

ಹೆಜ್ಜೆ ಗುರುತು ಸಿಗಲೆಂದು ಗೋಡೆಯುದ್ದಕ್ಕೂ ಬೂದಿ ಚೆಲ್ಲಿದರು. ಬೆಳಿಗ್ಗೆ ಕಂಡದ್ದು ಕೋಳಿಯ ಹೆಜ್ಜೆಗಳಷ್ಟೇ. ಹಾಗಾದರೆ ಆಚೆಯಿಂದಲೇ ವಿಷ ಎಸೆದಿರಬೇಕು! ಹಾಲಿನವನಿಗೆ ಹೇಳಿದರು, ಎದುರುಮನೆಯ ಅಜ್ಜಿಗೆ ಹೇಳಿದರು. ಟೈಲರಮ್ಮನಿಗೆ ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಅಜ್ಜಿ ಅಂದೇ ವಾಪಸ್ ತಂದರು.

ಸತ್ತ ಕೋಳಿಯನ್ನು ಚೀಲದಲ್ಲಿ ಹಾಕಿಕೊಂಡು ಟೀಸಿ ಪಶುವೈದ್ಯೆಯ ಬಳಿ ಹೋದರು. "ಯಾವ ವಿಷ ಅಂತ ಬರೆದುಕೊಡಿ, ಮೇಡಂ."

ವೈದ್ಯೆ ಕೊಯ್ದು ನೋಡಿದರು. ಕತ್ತಿನ ಕೆಳಗಿನ ಚೀಲದ ತುಂಬ ಹಸಿರುಗಟ್ಟಿದ ಬ್ರೆಡ್ಡಿನ ಚೂರು. "ಬೂಸ್ಟು ಹಿಡಿದಿದ್ದು. ಇದೇ ವಿಷ. ಯಾರು ಹಾಕಿದ್ದು?"

ಟೀಸಿ ಖಾಲಿ ಚೀಲವನ್ನು ಮಡಚತೊಡಗಿದರು. ಬೇಕರಿಯಿಂದ ಹಳಸಿದ ಬ್ರೆಡ್ಡಿನ ಮೂಟೆ ತಂದು, ಹೇಗೂ ಕೊಳೆಯುವುದಲ್ಲವೇ ಎಂದು ರಾಶಿಗೆ ಸುರಿದವರು ಅವರೇ.

ಮನೆಗೆ ಬಂದವರೇ ಉಳಿದ ಬ್ರೆಡ್ಡನ್ನು ಹೆಕ್ಕಿ ಹೂತರು. ಆಮೇಲೆ ಪಕ್ಕದ ಮನೆಗೆ ಹೋದರು. ಟೈಲರಮ್ಮ ಹೊಲಿಗೆ ನಿಲ್ಲಿಸಲಿಲ್ಲ.

"ತಪ್ಪಾಯ್ತಮ್ಮ. ಕೋಳಿ ಸತ್ತಿದ್ದು ನನ್ನಿಂದಾನೇ."

"ನಗರಸಭೆಗೆ ಒಂದು ಅರ್ಜಿ ಕೊಡೋಣ ಅಂತಿದ್ದೆ, ಅಷ್ಟೇ. ನೀವು ನನ್ನ ಕೊಲೆಗಾತಿ ಮಾಡಿಬಿಟ್ರಿ." ದಾರ ಕಡಿದು ತಲೆಯೆತ್ತಿದಳು. "ಯಾರ್ಯಾರಿಗೆ ಹೇಳಿದ್ರೋ ಅವ್ರಿಗೆಲ್ಲ ಹೋಗಿ ಇದನ್ನೂ ಹೇಳಿ."

ಎರಡು ದಿನ ಬೆವರು ಸುರಿಸಿ ರಾಶಿಯನ್ನು ಹಿತ್ತಲಿನ ಇನ್ನೊಂದು ತುದಿಗೆ ಸಾಗಿಸಿದರು. ಹಾಲಿನವನಿಗೆ ಹೇಳಿದರು, ಅವನು ನಕ್ಕುಬಿಟ್ಟ. ಎದುರುಮನೆಯ ಅಜ್ಜಿ ಮಾತ್ರ ಪೂರ್ತಿ ಕೇಳಿ, ಟೈಲರಮ್ಮನ ಮನೆಯತ್ತ ಒಮ್ಮೆ ಇಣುಕಿ, ದನಿ ತಗ್ಗಿಸಿದರು.

"ನಿಜ ಹೇಳಪ್ಪ. ಹೀಗೆ ಹೇಳು ಅಂತ ಅವಳು ಹೆದರಿಸಿದ್ಲಾ?"

"ಇಲ್ಲಜ್ಜಿ, ನಾನೇ ಬೇಕರಿಯಿಂದ..." ಎಂದು ಟೀಸಿ ಮತ್ತೆ ಮೊದಲಿನಿಂದ ಹೇಳತೊಡಗಿದರು.